ಉಗುರು ಒಳಗಿಟ್ಟ ಹುಲಿ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಶಿವನು ಹುಲಿಯ ಚರ್ಮವನ್ನು ಉಟ್ಟಿದ್ದಾನೆ. ದೇವಿಗೆ ಸಿಂಹವು ವಾಹನ. ನಮ್ಮ ಮಾದಪ್ಪನು ಹುಲಿಯನ್ನೇರಿ ಎಪ್ಪತ್ತೇಳು ಮಲೆಗಳನ್ನು ಸುತ್ತಿದನು. ಹಿಂದಿನ ಯೋಗಿಗಳು ವ್ಯಾಘ್ರಾಜಿನದ ಮೇಲೆ ಕುಳಿತು ಧ್ಯಾನ ಮಾಡುತ್ತಿದ್ದರೆಂದು ಕೇಳಿದ್ದೇವೆ. ದನ ಕಾಯುವವನು ಕಾಡಿನಲ್ಲಿ ಹುಲಿಯನ್ನು ಕಂಡರೆ ಎದೆಯೊಡೆದುಕೊಂಡು ಓಡುತ್ತಾನೆ. ಅದೇ ಹುಲಿ ಗುಡಿಯಲ್ಲಿ ಕಲ್ಲಾಗಿ ಕುಳಿತಿದ್ದರೆ ಅವನೇ ಹೋಗಿ ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಇದೇನು ಸೋಜಿಗ! ಹೆದರಬೇಕಾದದ್ದನ್ನು ನಮ್ಮ ಹಿರಿಯರು ದೇವರ ಹತ್ತಿರಕ್ಕೆ ಏಕೆ ತಂದು ಕೂರಿಸಿದರು? ಇಂದು ಇದನ್ನು ಸ್ವಲ್ಪ ವಿಚಾರ ಮಾಡೋಣ.

ಮಕ್ಕಳಿಗೆ ಹುಲಿಯ ಚಿತ್ರ ಬರೆಯಿರಿ ಎಂದು ಹೇಳಿ ನೋಡಿರಿ. ಬಾಯಿ ತೆರೆದಿರುತ್ತದೆ, ಕೋರೆಹಲ್ಲು ಕಾಣುತ್ತಿರುತ್ತದೆ, ನಾಲ್ಕು ಕಾಲಿನ ಉಗುರೂ ಚಾಚಿರುತ್ತವೆ. ಆದರೆ ಕಾಡಿನ ಹುಲಿ ದಿನದ ಬಹುಪಾಲು ಹಾಗಿರುವುದಿಲ್ಲ. ಅದು ಬಿದಿರು ಮೆಳೆಯ ನೆರಳಿನಲ್ಲಿ ಮಲಗಿರುತ್ತದೆ. ಬೇಸಿಗೆಯಾದರೆ ಹಳ್ಳದ ನೀರಿನಲ್ಲಿ ಸೊಂಟದವರೆಗೆ ಇಳಿದು ಕಣ್ಣು ಅರೆಮುಚ್ಚಿ ಕುಳಿತಿರುತ್ತದೆ. ಬಾಯಿ ಮುಚ್ಚಿರುತ್ತದೆ. ಉಗುರು ಒಳಗಿರುತ್ತದೆ.

ಈ ಉಗುರಿನ ವಿಷಯವನ್ನೇ ಮೊದಲು ನೋಡೋಣ. ಹುಲಿ, ಸಿಂಹ, ಚಿರತೆ, ಕಾಡುಬೆಕ್ಕು ಇವೆಲ್ಲ ಒಂದೇ ಬಳಗ. ನಿಮ್ಮ ಮನೆಯ ಒಲೆಯ ಪಕ್ಕದಲ್ಲಿ ಮಲಗಿರುವ ಬೆಕ್ಕೂ ಆ ಬಳಗದ್ದೇ. ಮನೆಗೆ ಹೋದ ಮೇಲೆ ಅದರ ಮುಂಗಾಲನ್ನು ಮೆಲ್ಲಗೆ ಹಿಡಿದು ನೋಡಿರಿ. ಅಂಗಾಲು ಮೆತ್ತಗಿರುತ್ತದೆ, ಉಗುರು ಕಾಣುವುದಿಲ್ಲ. ಬೆರಳನ್ನು ಸ್ವಲ್ಪ ಒತ್ತಿದರೆ ಒರೆಯಿಂದ ಕತ್ತಿ ಬಂದಂತೆ ಉಗುರು ಹೊರಬರುತ್ತದೆ. ನಾಯಿಯ ಉಗುರು ಹಾಗಲ್ಲ, ಅದು ಸದಾ ಹೊರಗೇ ಇರುತ್ತದೆ. ನೆಲಕ್ಕೆ ಉಜ್ಜಿ ಉಜ್ಜಿ ಮೊಂಡಾಗುತ್ತದೆ. ಕೆಸರಿನಲ್ಲಿ ನಾಯಿಯ ಹೆಜ್ಜೆ ಬಿದ್ದರೆ ಬೆರಳಿನ ಮುಂದೆ ಉಗುರಿನ ಚುಕ್ಕಿ ಮೂಡುತ್ತದೆ. ಹುಲಿ ನಡೆದು ಹೋದ ಹೆಜ್ಜೆಯಲ್ಲಿ ಆ ಚುಕ್ಕಿ ಸಾಮಾನ್ಯವಾಗಿ ಇರುವುದಿಲ್ಲ. ಕಾಡಿನ ಜನ ಹೆಜ್ಜೆ ನೋಡಿ ಇದು ಯಾರದೆಂದು ಹೇಳುವಾಗ ಇದನ್ನೂ ಗಮನಿಸುತ್ತಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಉಗುರನ್ನು ಒಳಗೆ ಇಟ್ಟುಕೊಳ್ಳಲು ಹುಲಿಯು ಕಷ್ಟಪಡುತ್ತಿಲ್ಲ. ರಬ್ಬರಿನಂತೆ ಎಳೆಯುವ ಒಂದು ನಾರು ಅದನ್ನು ತಾನಾಗಿಯೇ ಹಿಂದಕ್ಕೆ ಹಿಡಿದಿರುತ್ತದೆ. ಹೊರಗೆ ಚಾಚಬೇಕಾದರೆ ಮಾತ್ರ ಸ್ನಾಯುವನ್ನು ಬಿಗಿಯಬೇಕು. ಕೆಲಸ ಮುಗಿದು ಬಿಗಿ ಸಡಿಲವಾಯಿತೆಂದರೆ ಉಗುರು ತಾನೇ ಒರೆಗೆ ಹೋಗುತ್ತದೆ. ಎಂದ ಮೇಲೆ ಹುಲಿಗೆ ಶಾಂತಿಯೇ ಸಹಜ ಸ್ಥಿತಿ. ಉಗ್ರತೆಯು ಅದು ಬೇಕೆಂದು ತಂದುಕೊಳ್ಳುವ ಸ್ಥಿತಿ. ನಮ್ಮದು ಇದಕ್ಕೆ ತಿರುಗುಮುರುಗು. ನಮಗೆ ಸಿಟ್ಟು ತಾನಾಗಿ ಬರುತ್ತದೆ. ಶಾಂತವಾಗಬೇಕಾದರೆ ಮಠಕ್ಕೆ ಬರಬೇಕು, ಪ್ರವಚನ ಕೇಳಬೇಕು, ಕಣ್ಣು ಮುಚ್ಚಿ ಕೂರಬೇಕು. ಹೊರಗೆ ಹೋಗಿ ಚಪ್ಪಲಿ ಸಿಗದಿದ್ದರೆ ಮತ್ತೆ ಸಿಟ್ಟು. (ನಗು)

ದೇವರು ಮನುಷ್ಯನಿಗೆ ಹುಲಿಯುಗುರು ಕೊಡಲಿಲ್ಲ, ನಾಲಿಗೆ ಕೊಟ್ಟ. ಕೆಲವರ ನಾಲಿಗೆ ನಾಯಿಯ ಉಗುರಿನಂತೆ ಸದಾ ಹೊರಗೇ ಇರುತ್ತದೆ. ಬೆಳಗ್ಗೆ ಎದ್ದರೆ ಹೆಂಡತಿಗೆ ಒಂದು, ಮಗನಿಗೆ ಒಂದು, ಆಳಿಗೆ ಒಂದು. ದಿನವೂ ಬೈಯುವ ತಂದೆಯ ಮಾತಿಗೆ ಮಕ್ಕಳು ಹೆದರುತ್ತಾರೆಯೇ? ಇಲ್ಲ. ‘ಅಪ್ಪ ಇರೋದೇ ಹಾಗೆ’ ಎಂದು ಎದ್ದು ಹೋಗುತ್ತಾರೆ. ಉಗುರು ಮೊಂಡಾಯಿತು! ವರ್ಷಕ್ಕೊಮ್ಮೆ, ಅದೂ ಮೆಲುದನಿಯಲ್ಲಿ, ‘ಇದು ಸರಿಯಲ್ಲ ಮಗು’ ಎನ್ನುವ ತಂದೆಯ ಮಾತು ಆ ಮಗ ಮುದುಕನಾದರೂ ನೆನಪಿನಲ್ಲಿರುತ್ತದೆ. ಒರೆಯೊಳಗೆ ಇದ್ದದ್ದರಿಂದ ಅದರ ಮೊನೆ ಕೆಟ್ಟಿರಲಿಲ್ಲ.

ಹುಲಿಯುಗುರು ಎಂದಾಗ ಇನ್ನೊಂದು ನೆನಪಾಗುತ್ತದೆ. ಹಿಂದೆ ಮಕ್ಕಳಿಗೆ ಧೈರ್ಯ ಬರಲಿ, ದೃಷ್ಟಿ ತಾಗದಿರಲಿ ಎಂದು ಹುಲಿಯುಗುರನ್ನು ಚಿನ್ನದಲ್ಲಿ ಕಟ್ಟಿಸಿ ಕೊರಳಿಗೆ ಹಾಕುತ್ತಿದ್ದರು. ದೊಡ್ಡವರೂ ಹಾಕಿಕೊಂಡರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇದು ಅಪರಾಧ. 2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಭಾಗವಹಿಸಿದ್ದವರು ಇಂಥ ಪದಕವನ್ನು ಧರಿಸಿದ್ದಕ್ಕೆ ಬಂಧನವಾದದ್ದು ನಿಮಗೆಲ್ಲ ಗೊತ್ತಿದೆ. ಕಾಯಿದೆಯ ಮಾತು ಹಾಗಿರಲಿ. ಹುಲಿ ತಾನು ಬದುಕಿದ್ದಾಗ ಯಾವುದನ್ನು ಯಾರಿಗೂ ತೋರಿಸದೆ ಒಳಗಿಟ್ಟುಕೊಂಡಿತ್ತೋ, ಅದನ್ನೇ ಮನುಷ್ಯ ಕಿತ್ತು ತಂದು ಅಂಗಿಯ ಗುಂಡಿ ಬಿಚ್ಚಿ ತೋರಿಸಿಕೊಂಡು ತಿರುಗುತ್ತಾನೆ. ಹುಲಿಯ ಧೈರ್ಯವು ಉಗುರಿನಲ್ಲಿ ಇತ್ತೇ, ಉಗುರನ್ನು ಒಳಗಿಡುವುದರಲ್ಲಿ ಇತ್ತೇ? ಯೋಚನೆ ಮಾಡಿರಿ.

ಇನ್ನು ಅದರ ಬೇಟೆ. ಹುಲಿ ಹಾರಿದರೆ ಜಿಂಕೆ ಸತ್ತಿತೆಂದೇ ನಾವು ತಿಳಿದಿದ್ದೇವೆ. ಕಾಡಿನಲ್ಲಿ ವರ್ಷಗಟ್ಟಲೆ ಕುಳಿತು ನೋಡಿದವರು ಬೇರೆಯೇ ಹೇಳುತ್ತಾರೆ. ಹತ್ತು ಸಲವೋ ಇಪ್ಪತ್ತು ಸಲವೋ ಪ್ರಯತ್ನಪಟ್ಟರೆ ಒಂದು ಸಲ ಸಿಗುತ್ತದೆಯಂತೆ. ಹುಲ್ಲಿನಲ್ಲಿ ಹೊಟ್ಟೆ ಹೊಸೆದು ತಾಸುಗಟ್ಟಲೆ ಹೊಂಚುಹಾಕಿ, ಕೊನೆಯ ಗಳಿಗೆಯಲ್ಲಿ ಲಂಗೂರ್ ಕೋತಿಯೊಂದು ಮರದ ಮೇಲಿನಿಂದ ಕೂಗಿಬಿಟ್ಟರೆ ಅಷ್ಟೂ ವ್ಯರ್ಥ. ಆಗ ಹುಲಿ ಏನು ಮಾಡುತ್ತದೆ? ಎದ್ದು ನಿಂತು ಮೈಮುರಿದು ಬೇರೆ ದಾರಿ ಹಿಡಿದು ಹೋಗುತ್ತದೆ. ಓಡಿಹೋದ ಜಿಂಕೆಯ ಮೇಲೆ ಹಗೆಯಿಲ್ಲ, ಕೂಗಿದ ಕೋತಿಯ ಮೇಲೆಯೂ ಹಗೆಯಿಲ್ಲ. ಸಿಕ್ಕಿದಾಗಲಾದರೂ, ತಿನ್ನುವಷ್ಟು ತಿಂದು, ಮಿಕ್ಕದ್ದನ್ನು ಎಲೆ ಕಡ್ಡಿ ಮುಚ್ಚಿ ಇಟ್ಟು, ಮತ್ತೆ ಬಂದು ಅದನ್ನೇ ತಿನ್ನುತ್ತದೆ. ಅದು ಮುಗಿಯುವವರೆಗೆ ಸಾಮಾನ್ಯವಾಗಿ ಮತ್ತೊಂದನ್ನು ಹುಡುಕುವುದಿಲ್ಲ. ಒಂದು ಹುಲಿಗೆ ವರ್ಷಕ್ಕೆ ದೊಡ್ಡ ಪ್ರಾಣಿಗಳು ಸುಮಾರು 50 ಬೇಕು, ಅಂದರೆ ವಾರಕ್ಕೊಂದು. ಕಾಯಕ ಮಾಡಿ ಅಂದಂದಿನ ಅನ್ನವನ್ನು ಅಂದಂದೇ ಗಳಿಸಿದ ಶರಣರ ಬಾಳುವೆಯನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದ ಮಾತಲ್ಲ.

ಆದರೆ ಹುಲಿಯನ್ನು ಹೊಗಳುವ ಭರದಲ್ಲಿ ಸುಳ್ಳು ಹೇಳಬಾರದು. ಹುಲಿಗೆ ಧರ್ಮವಿಲ್ಲ, ಹಸಿವಿದೆ. ಬೇರೆ ಗಂಡುಹುಲಿಯ ಸೀಮೆಯನ್ನು ಗೆದ್ದ ಗಂಡು, ಅಲ್ಲಿನ ಮರಿಗಳನ್ನು ಕೊಂದುಹಾಕುವುದುಂಟು. ದೊಡ್ಡಿಗೆ ನುಗ್ಗಿದ ಚಿರತೆಯು ಒಂದೇ ರಾತ್ರಿ ನಾಲ್ಕೈದು ಕುರಿಗಳನ್ನು ಮುರಿದು ಹೋಗುವುದೂ ಉಂಟು. ಪ್ರಾಣಿಗಳಲ್ಲಿ ಇರುವುದನ್ನೆಲ್ಲ ಅನುಕರಿಸಿರಿ ಎಂದು ನಾವು ಹೇಳುತ್ತಿಲ್ಲ. ಆಯ್ದುಕೊಳ್ಳುವ ವಿವೇಕ ಮನುಷ್ಯನಿಗಿದೆ, ಹುಲಿಗಿಲ್ಲ. ವ್ಯತ್ಯಾಸ ಇರುವುದೇ ಅಲ್ಲಿ.

ಆಯ್ದುಕೊಳ್ಳಬೇಕಾದ ಇನ್ನೊಂದನ್ನು ತಾಯಂದಿರು ಕೇಳಬೇಕು. ಹೆಣ್ಣುಹುಲಿ ನೂರು ದಿನದ ಮೇಲೆ ಸ್ವಲ್ಪ ಗರ್ಭ ಹೊತ್ತು ಮರಿ ಹಾಕುತ್ತದೆ. ಹುಟ್ಟಿದಾಗ ಮರಿಗಳಿಗೆ ಕಣ್ಣೂ ಕಾಣದು. ತಂದೆಯ ನೆರವು ಬಹುಮಟ್ಟಿಗೆ ಇಲ್ಲ; ಒಂದೂವರೆ ಎರಡು ವರ್ಷ ತಾಯಿಯೊಬ್ಬಳೇ ಸಾಕಬೇಕು. ಇರುವ ಜಾಗದಲ್ಲಿ ಅಪಾಯದ ವಾಸನೆ ಬಂದರೆ ಮರಿಯ ಕುತ್ತಿಗೆಯನ್ನು ಬಾಯಿಂದ ಕಚ್ಚಿ ಹಿಡಿದು ಬೇರೆ ಕಡೆಗೆ ಒಯ್ಯುತ್ತದೆ. ಕಡವೆಯ ಕುತ್ತಿಗೆಯನ್ನು ಮುರಿದ ಹಲ್ಲುಗಳು ಅವೇ! ಮರಿಯ ಮೇಲೆ ಒಂದು ಗೀರೂ ಬೀಳುವುದಿಲ್ಲ. ವೇದಾಂತಿಗಳು ಭಕ್ತಿಯನ್ನು ವಿವರಿಸಲು ಮಾರ್ಜಾಲ ನ್ಯಾಯವೆಂಬುದನ್ನು ಹೇಳುತ್ತಾರೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಒಯ್ಯುತ್ತಾಳೆ, ಭಗವಂತನೂ ಹಾಗೆಯೇ ಎಂದು. ಅವರು ಮರಿಯ ಕಡೆಯಿಂದ ನೋಡಿದರು. ನಾವು ಹಲ್ಲಿನ ಕಡೆಯಿಂದಲೂ ಒಮ್ಮೆ ನೋಡೋಣ. ಹಲ್ಲು ಒಂದೇ. ಎಷ್ಟು ಒತ್ತಬೇಕೆಂಬುದು ಹಿಡಿಯುವವರ ಅಂತಃಕರಣಕ್ಕೆ ಬಿಟ್ಟದ್ದು. ಮನೆಯಲ್ಲಿ ಸೊಸೆಗೆ ಬುದ್ಧಿ ಹೇಳುವ ಅತ್ತೆಯೂ, ಅತ್ತೆಗೆ ಉತ್ತರ ಕೊಡುವ ಸೊಸೆಯೂ ಇದನ್ನು ಬಲ್ಲವರಾದರೆ ಮಠಕ್ಕೆ ಬರುವ ಅರ್ಧ ಪಂಚಾಯಿತಿಗಳು ಕಡಿಮೆಯಾದಾವು.

ಈಗ ನಾವು ಆರಂಭದಲ್ಲಿ ಕೇಳಿಕೊಂಡ ಪ್ರಶ್ನೆಗೆ ಬರೋಣ. ಪುರಾಣದಲ್ಲಿ ದಾರುಕಾವನದ ಋಷಿಗಳು ಕೋಪಗೊಂಡು ಹೋಮಕುಂಡದಿಂದ ಹುಲಿಯನ್ನು ಎಬ್ಬಿಸಿ ಶಿವನ ಮೇಲೆ ಬಿಟ್ಟರೆಂದು ಕಥೆಯಿದೆ. ಶಿವನು ಅದನ್ನು ಹಿಡಿದು ಚರ್ಮವನ್ನು ಸುಲಿದು ಉಟ್ಟುಕೊಂಡನು. ಗಮನಿಸಿರಿ: ಆ ಹುಲಿ ಕಾಡಿನಿಂದ ಬಂದದ್ದಲ್ಲ, ತಪಸ್ವಿಗಳ ಕೋಪದಿಂದ ಹುಟ್ಟಿದ್ದು. ಎಷ್ಟು ಓದಿದ್ದರೇನು, ಎಷ್ಟು ತಪಸ್ಸು ಮಾಡಿದ್ದರೇನು, ಒಳಗೆ ಒಂದು ಹುಲಿ ಇತ್ತು. ಶಿವನು ಅದನ್ನು ಕೊಂದನು.

ಮಾದಪ್ಪನ ಚಿತ್ರ ಬೇರೆ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಮಾದಪ್ಪನು ಹುಲಿಯನ್ನು ಕೊಲ್ಲುವುದಿಲ್ಲ, ಏರುತ್ತಾನೆ. ಹುಲಿ ಬದುಕಿದೆ. ಅದರ ಉಗುರು, ಹಲ್ಲು, ಬಲ ಎಲ್ಲ ಹಾಗೆಯೇ ಇವೆ. ಆದರೆ ಅದು ಎತ್ತ ಹೋಗಬೇಕೆಂಬುದು ಮೇಲೆ ಕುಳಿತವನ ಕೈಯಲ್ಲಿದೆ. ಕಾಡಿನ ಸೋಲಿಗರು, ದನ ಕಾಯುವವರು, ಕೂಲಿಯವರು, ಒಕ್ಕಲು ಮಕ್ಕಳು ಇವರೆಲ್ಲರ ದೇವರಾದವನು ಹುಲಿಯ ಮೇಲೆ ಕುಳಿತು ಬಡವರ ಬಾಗಿಲಿಗೆ ಬಂದನು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಸಂಸಾರಿಗಳಿಗೆ ಹತ್ತಿರವಾದದ್ದು ಈ ಎರಡನೆಯ ಚಿತ್ರ. ಕೋಪವನ್ನು ಪೂರ್ತಿ ಕೊಂದುಬಿಡಿ ಎಂದರೆ ನಿಮ್ಮಿಂದ ಆಗುವುದಿಲ್ಲ, ಆಗಲೂಬಾರದು. ಅನ್ಯಾಯವನ್ನು ಕಂಡು ಬಸವಣ್ಣನವರಿಗೆ ನೋವಾಗದಿದ್ದರೆ ಕಲ್ಯಾಣದಲ್ಲಿ ಏನೂ ನಡೆಯುತ್ತಿರಲಿಲ್ಲ. ಹುಲಿ ಇರಲಿ. ಅದರ ಮೇಲೆ ನೀವು ಕುಳಿತಿದ್ದೀರೋ, ನಿಮ್ಮ ಮೇಲೆ ಅದು ಕುಳಿತಿದೆಯೋ ಎಂಬುದಷ್ಟೇ ಪ್ರಶ್ನೆ.

ಶರಣರಿಗೂ ಈ ಕಾಡಿನ ಬಳಗಕ್ಕೂ ಹಳೆಯ ನಂಟು. ಅಕ್ಕಮಹಾದೇವಿ ಒಬ್ಬಳೇ ನಡೆದು ಹೋದ ಶ್ರೀಶೈಲದ ಕಾಡು ಇಂದು ಆಂಧ್ರಪ್ರದೇಶದ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಕಲ್ಯಾಣದ ಕ್ರಾಂತಿಯ ತರುವಾಯ ಚನ್ನಬಸವಣ್ಣನವರು ಶರಣರೊಡನೆ ಬಂದು ನೆಲೆಸಿ ಲಿಂಗೈಕ್ಯರಾದ ಉಳವಿ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿದೆ. ಜಾತ್ರೆಗೆ ಹೋದವರಿಗೆ ಆ ದಾರಿ ಗೊತ್ತು. ಸುತ್ತಲೂ ಕಾಳಿ ನದಿಯ ದಟ್ಟವಾದ ಕಾಡು, ಅದೂ ಹುಲಿಯ ಕಾಡೇ. ಅಲ್ಲಿ ಕರಿಚಿರತೆ ಇದೆ. ಜನ ಅದನ್ನು ಬೇರೆಯೇ ಜಾತಿಯೆಂದು ತಿಳಿದಿದ್ದಾರೆ. ಅಲ್ಲ. ಅದು ಚಿರತೆಯೇ. ಬಿಸಿಲಿನಲ್ಲಿ ನಿಂತರೆ ಕಪ್ಪು ಮೈಯ ಒಳಗೆ ಎಲ್ಲ ಚಿರತೆಗಳಿಗೂ ಇರುವ ಅದೇ ಚುಕ್ಕೆಗಳು ಕಾಣುತ್ತವೆ. ಒಂದೇ ತಾಯಿಯ ಒಂದೇ ಸೂಲಿನಲ್ಲಿ ಒಂದು ಮರಿ ಕಪ್ಪಾಗಿ, ಇನ್ನೊಂದು ಹಳದಿಯಾಗಿ ಹುಟ್ಟಬಹುದು. ತಾಯಿ ಎರಡಕ್ಕೂ ಹಾಲು ಕೊಡುತ್ತಾಳೆ. ಕುಲವನ್ನು ಕೇಳಬಾರದೆಂದ ಶರಣರು ಕೊನೆಗೆ ಹೋಗಿ ನೆಲೆಸಿದ್ದು ಇಂಥ ಕಾಡಿನಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿಯಾದ ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರಲ್ಲಿ ಹುಲಿಯನ್ನೇರಿದ ಮಾದಪ್ಪನ 108 ಅಡಿ ಎತ್ತರದ ಮೂರ್ತಿಯ ಅನಾವರಣವಾಯಿತು. ನಿಮ್ಮಲ್ಲಿ ಅನೇಕರು ಹೋಗಿ ದರ್ಶನ ಮಾಡಿ ಬಂದಿದ್ದೀರಿ, ಹುಲಿವಾಹನದ ಸೇವೆಯನ್ನೂ ಮಾಡಿಸಿದ್ದೀರಿ. ಅದೇ ಬೆಟ್ಟದ ಕಾಡಿನಲ್ಲಿ, ಹೂಗ್ಯಂ ವಲಯದಲ್ಲಿ, 2025ರ ಜೂನ್ ತಿಂಗಳ ಕೊನೆಯಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದವು. ಹುಲಿ ಕೊಂದ ಹಸುವಿನ ದೇಹಕ್ಕೆ ವಿಷ ಹಾಕಿದ್ದರೆಂದು ತನಿಖೆಯಲ್ಲಿ ತಿಳಿದು, ಸ್ಥಳೀಯರ ಬಂಧನವೂ ಆಯಿತು. ಹುಲಿ ತಾನು ಕೊಂದದ್ದಕ್ಕೆ ಮರಳಿ ಬರುತ್ತದೆಂದು ಆಗಲೇ ಹೇಳಿದೆವಲ್ಲವೇ? ಆ ಗುಣವೇ ಅದಕ್ಕೆ ಮೃತ್ಯುವಾಯಿತು. ತಾಯಿಯಾದದ್ದರಿಂದ ಮರಿಗಳನ್ನೂ ಜೊತೆಗೆ ಕರೆತಂದಿತ್ತು.

ಹಸು ಕಳೆದುಕೊಂಡವನ ದುಃಖವನ್ನು ನಾವು ಹಗುರವಾಗಿ ಮಾತನಾಡುವುದಿಲ್ಲ. ಪೇಟೆಯಲ್ಲಿ ಕುಳಿತು ಹುಲಿಯ ಚಿತ್ರ ನೋಡಿ ಸಂತೋಷಪಡುವುದು ಸುಲಭ. ಕಾಡಂಚಿನವನಿಗೆ ಹಸುವೆಂದರೆ ಮಗಳ ಮದುವೆ, ಮಗನ ಶಾಲೆ, ಮನೆಯ ಹಾಲು. ಅದನ್ನು ಹುಲಿ ಹಿಡಿದ ರಾತ್ರಿ ಆ ಮನೆಯಲ್ಲಿ ಅನ್ನ ಬೇಯುವುದಿಲ್ಲ. ಸರ್ಕಾರದ ಪರಿಹಾರಕ್ಕೆ ಕಚೇರಿಗೆ ಎಷ್ಟು ಸಲ ಅಲೆಯಬೇಕೆಂಬುದೂ ನಮಗೆ ಗೊತ್ತಿದೆ. ಹುಲಿಯಿಂದ ಮನುಷ್ಯರ ಪ್ರಾಣವೂ ಹೋಗಿದೆ. ಆ ಮನೆಗಳ ಕಣ್ಣೀರಿನ ಮುಂದೆ ನಿಂತು ಹುಲಿಯ ಗುಣಗಾನ ಮಾಡುವ ಧೈರ್ಯ ನಮಗಿಲ್ಲ. ಆಗ ಬರುವ ಸಿಟ್ಟು ಸಹಜವಾದದ್ದು.

ಆದರೆ ಸಿಟ್ಟು ಬೇರೆ, ವಿಷ ಬೇರೆ. ಸಿಟ್ಟು ಉಗುರಿನಂತೆ: ಎದುರಿಗೆ ಬರುತ್ತದೆ, ಕೆಲಸ ಮುಗಿದರೆ ಒಳಗೆ ಹೋಗುತ್ತದೆ. ವಿಷವೆಂದರೆ ಒಳಗೆ ಹೋಗಲು ಒಪ್ಪದ ಸಿಟ್ಟು. ಅದನ್ನು ಬೆರೆಸುವವನು ಅಲ್ಲಿ ನಿಲ್ಲುವುದೂ ಇಲ್ಲ. ಮನೆಗೆ ಬಂದು ಮಲಗುತ್ತಾನೆ. ಅವನ ಪರವಾಗಿ ಅದು ರಾತ್ರಿಯಿಡೀ ಎಚ್ಚರವಿರುತ್ತದೆ. ಹುಲಿ ಯಾವುದನ್ನು ಹಿಡಿಯಬೇಕೆಂದು ನೋಡಿ ಹಿಡಿಯುತ್ತದೆ. ವಿಷಕ್ಕೆ ಕಣ್ಣಿಲ್ಲ. ತಿಂದ ತಾಯಿ ಸಾಯುತ್ತದೆ, ಮರಿ ಸಾಯುತ್ತದೆ, ನರಿ, ಹದ್ದು, ಊರ ನಾಯಿ ಸಾಯುತ್ತವೆ. ಹೊಲದ ಬದುವಿನಲ್ಲಿ ಇಲಿ ಹಿಡಿದು ನಮ್ಮ ಕಾಳನ್ನೇ ಕಾಯುವ ಕಾಡುಬೆಕ್ಕು ಆ ಕಡೆ ಸುಳಿದರೆ ಅದಕ್ಕೂ ಬಿಡುಗಡೆಯಿಲ್ಲ. ಇದು ಕಾಡಿನ ಮಾತು ಮಾತ್ರವಲ್ಲ. ಅಣ್ಣತಮ್ಮಂದಿರು ಹಿಸ್ಸೆಯ ದಿನ ಎದುರೆದುರು ನಿಂತು ಕೂಗಾಡಿದರೆ ಅದು ಉಗುರು, ಗಾಯ ಮಾಯುತ್ತದೆ. ಕೂಗಾಡದೆ ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಮಕ್ಕಳಿಗೂ ಅದನ್ನೇ ಉಣಿಸಿದರೆ? ದೊಡ್ಡಪ್ಪನ ಮುಖವನ್ನೇ ಕಾಣದ ಮಕ್ಕಳು ದೊಡ್ಡಪ್ಪನನ್ನು ದ್ವೇಷಿಸುತ್ತಾರೆ. ಆ ಮರಿಗಳು ತಿಂದದ್ದೂ ಇದನ್ನೇ.

ಗೋವಿನ ಹಾಡು ನಿಮಗೆಲ್ಲ ಬಾಯಿಪಾಠ. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಅರ್ಬುತನ ಗವಿಗೆ ಮರಳಿ ಬಂದಳು. ಆ ಹುಲಿ ಸತ್ತದ್ದು ಹೇಗೆ? ಹಸುವಿನ ಒಳಗಿದ್ದ ಸತ್ಯವನ್ನು ಕಂಡು, ತಾಳಲಾರದೆ, ತಾನೇ ಹಾರಿ ಪ್ರಾಣ ಬಿಟ್ಟಿತು. ನಮ್ಮ ನಾಡಿನ ಹಾಡುಗಾರನು ಹುಲಿಗೂ ಒಂದು ಅಂತಃಕರಣವನ್ನು ಕೊಟ್ಟನು. ಮಹದೇಶ್ವರನ ಕಾಡಿನಲ್ಲಿ ಸತ್ತ ಹಸುವಿನ ಒಳಗೆ ನಾವು ತುಂಬಿದ್ದು ಏನನ್ನು? ಬೆಳೆಗೆ ಹೊಡೆಯುವ ಔಷಧಿಯನ್ನು.

1972ರಲ್ಲಿ ದೇಶದ ಹುಲಿಗಳನ್ನು ಮೊದಲ ಬಾರಿಗೆ ಎಣಿಸಿದಾಗ 1827 ಇದ್ದವು. ಮರುವರ್ಷ ಹುಲಿ ಯೋಜನೆ ಆರಂಭವಾಯಿತು, ನಮ್ಮ ಬಂಡೀಪುರವೂ ಅದರಲ್ಲಿ ಸೇರಿತು. 2022ರ ಗಣತಿಯಲ್ಲಿ ದೇಶದಲ್ಲಿ 3682 ಎಂದೂ ಕರ್ನಾಟಕದಲ್ಲಿ 563 ಎಂದೂ ಅಂದಾಜು ಬಂತು. ಮಧ್ಯಪ್ರದೇಶವನ್ನು ಬಿಟ್ಟರೆ ಹೆಚ್ಚು ಹುಲಿಗಳು ಇದ್ದದ್ದು ನಮ್ಮಲ್ಲಿ. ಹುಲಿ ಹೆಚ್ಚಿದೆ, ಕಾಡು ಹೆಚ್ಚಲಿಲ್ಲ. ಆದ್ದರಿಂದ ಎದುರುಬದುರಾಗುವುದು ಇನ್ನೂ ಇದೆ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಕಾಡಿನಲ್ಲಿ ಕ್ಯಾಮರಾ ಕಟ್ಟಿ, ಆ ಪಟ್ಟೆಯನ್ನು ನೋಡಿಯೇ ಎಣಿಸುತ್ತಾರೆ. ಅಂದರೆ ಸತ್ತ ಆ ಐದೂ ‘ಹುಲಿಗಳು’ ಎಂಬ ಲೆಕ್ಕವಷ್ಟೇ ಅಲ್ಲ. ಒಂದೊಂದೂ ಮತ್ತೆ ಬಾರದ ಒಂದೊಂದು ಜೀವ.

ಈ ಸಭೆಯಲ್ಲಿ ಕಾಡಂಚಿನ ಊರುಗಳಿಂದ ಬಂದ ಭಕ್ತರಿದ್ದೀರಿ. ನಿಮಗೆ ನಾಲ್ಕು ಮಾತು. ದನವನ್ನು ಹುಲಿ ಹಿಡಿದರೆ ದೇಹವನ್ನು ಮುಟ್ಟಬೇಡಿರಿ. ಅರಣ್ಯ ಇಲಾಖೆಯವರಿಗೆ ತಿಳಿಸಿರಿ, ಫೋಟೋ ತೆಗೆಸಿರಿ, ಅರ್ಜಿಯ ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿರಿ. ಓದುಬರಹ ಬಾರದವರು ಮಠಕ್ಕೆ ಬನ್ನಿರಿ. ನಮ್ಮ ವಿದ್ಯಾರ್ಥಿ ನಿಲಯದ ಹುಡುಗರು ಅರ್ಜಿ ಬರೆದುಕೊಡುತ್ತಾರೆ, ಹಣ ಕೈಸೇರುವವರೆಗೆ ಮೇವು ಕಾಳು ಏನಾದರೂ ಬೇಕಿದ್ದರೆ ದಾಸೋಹದ ಮನೆಯಲ್ಲಿ ಕೇಳಿರಿ, ಸಂಕೋಚಪಡಬೇಡಿರಿ. ಪೇಟೆಯಿಂದ ಬಂದ ಭಕ್ತರು ಇದನ್ನು ಕೇಳಿ ತಲೆದೂಗುತ್ತಿದ್ದೀರಿ. ನೀವು ತಲೆದೂಗಿದರೆ ಸಾಲದು, ಆ ದಾಸೋಹದ ಮನೆಗೆ ಈ ಸಲ ಒಂದೊಂದು ಮೂಟೆ ಹಿಂಡಿ ಕಳುಹಿಸಿಕೊಡಿರಿ.

ಸಿಂಹದ ಮಾತು ಹಾಗೆಯೇ ಉಳಿಯಿತು. ಸ್ವಲ್ಪ ದೂರ ನಡೆದು ಹಿಂತಿರುಗಿ ನೋಡುವ ಅದರ ರೀತಿಯಿಂದಲೇ ಸಿಂಹಾವಲೋಕನ ಎಂಬ ಮಾತು ಬಂದದ್ದು. ಅದನ್ನು ನಾಳೆ ನೋಡೋಣ. ಪ್ರಸಾದದ ಗಂಟೆಯಾಯಿತು, ಮಕ್ಕಳನ್ನು ಮೊದಲ ಪಂಕ್ತಿಗೆ ಬಿಡಿರಿ.